ಸಣ್ಣ ಕಾರ್ಖಾನೆಯಲ್ಲಿ ಗಾಯಗಳನ್ನು ತಗ್ಗಿಸಿ, ಪರಿಹಾರದ ಹೊರೆಯನ್ನು ಹಿಡಿತದಲ್ಲಿಡುವ ಬಗೆ: ಸಮಗ್ರ ಮಾರ್ಗದರ್ಶಿ

ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರ, ಜಿಗಣಿ ಕಡೆಯ ಸಣ್ಣ ಕಾರ್ಖಾನೆಗಳಲ್ಲಿ ಸುರಕ್ಷತೆಯ ಕೆಲಸ ಸಾಮಾನ್ಯವಾಗಿ ಕೊನೆಯ ತುದಿಯಿಂದ ಆರಂಭವಾಗುತ್ತದೆ. ಮೊದಲು ಹೆಲ್ಮೆಟ್ಟು ಮತ್ತು ಕೈಗವಸು ಬರುತ್ತವೆ, ಆಮೇಲೆ ಗೋಡೆಗೆ ಫಲಕ ಏರುತ್ತದೆ, ರಾಷ್ಟ್ರೀಯ ಸುರಕ್ಷತಾ ದಿನವಾದ ಮಾರ್ಚ್ 4ರಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪ್ರತಿಜ್ಞೆ ಮಾಡಿಸಲಾಗುತ್ತದೆ. ಇಷ್ಟಾದ ಮೇಲೂ ವರ್ಷಕ್ಕೊಬ್ಬರ ಬೆರಳು ಹೋಗುತ್ತದೆ. ಬೆರಳು ಕಳೆದುಕೊಂಡವರ ಹೆಸರು ಇಎಸ್‌ಐ (ನೌಕರರ ರಾಜ್ಯ ವಿಮಾ ಯೋಜನೆ) ಪಟ್ಟಿಯಲ್ಲೇ ಇಲ್ಲವೆಂಬುದು ಆಸ್ಪತ್ರೆಯ ಬಾಗಿಲಲ್ಲಿ ಗೊತ್ತಾಗುತ್ತದೆ. ಈ ಬರಹದಲ್ಲಿ ಕೊಟ್ಟಿರುವ ಹಂತಗಳ ಕ್ರಮವನ್ನು ಬದಲಿಸಬಾರದೆಂದು ಆರಂಭದಲ್ಲೇ ಕೋರುತ್ತೇನೆ. ಹತ್ತರಿಂದ ನೂರು ಜನ ಕೆಲಸ ಮಾಡುವ, ಪ್ರತ್ಯೇಕ ಸುರಕ್ಷತಾಧಿಕಾರಿ ಇಲ್ಲದ ಘಟಕಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಕೈಯಲ್ಲಿರಬೇಕಾದವು

ಹಿಂದಿನ ಮೂರು ವರ್ಷಗಳ ಹಾಜರಿ ಮತ್ತು ಸಂಬಳದ ಪುಸ್ತಕಗಳು, ಇಎಸ್‌ಐ ತಿಂಗಳ ವಂತಿಗೆಯ ಪಟ್ಟಿ, ಗುತ್ತಿಗೆದಾರರು ಕಳುಹಿಸಿರುವ ಕಾರ್ಮಿಕರ ಹೆಸರುಗಳು, ವಿಮಾ ಪಾಲಿಸಿಯ ಪೂರ್ತಿ ಪ್ರತಿ (ಮೊದಲ ಪುಟವಷ್ಟೇ ಸಾಲದು), ಒಂದು ಅಳತೆ ಟೇಪು, ಕ್ಯಾಮೆರಾ ಇರುವ ಫೋನು, ಪ್ರತಿಯೊಂದಕ್ಕೂ ಬೇರೆ ಬೇರೆ ಕೀಲಿಯಿರುವ ಆರು ಬೀಗಗಳು ಮತ್ತು ಗಟ್ಟಿ ರಟ್ಟಿನ ಎರಡು ನೋಟ್‌ಪುಸ್ತಕಗಳು. ಇವುಗಳಲ್ಲಿ ದುಬಾರಿಯಾದದ್ದು ಯಾವುದೂ ಇಲ್ಲ. ದುಡ್ಡು ಬೇಡುವ ಕೆಲಸ ನಾಲ್ಕನೆಯ ಹಂತದಲ್ಲಿ ಬರುತ್ತದೆ.

ಹಂತ 1: ಯಾರಿಗೆ ಯಾವ ರಕ್ಷಣೆ ಇದೆಯೆಂದು ಹೆಸರು ಹಿಡಿದು ಗುರುತಿಸಿ

ಒಂದು ಹಾಳೆಯಲ್ಲಿ ಗೇಟಿನೊಳಗೆ ಬರುವ ಪ್ರತಿಯೊಬ್ಬರ ಹೆಸರನ್ನೂ ಬರೆಯಿರಿ. ಖಾಯಂ ನೌಕರರು, ಗುತ್ತಿಗೆಯವರು, ವಾರಕ್ಕೊಮ್ಮೆ ಬರುವ ವೆಲ್ಡರ್, ಚಾವಣಿ ರಿಪೇರಿಯವರು, ಲೋಡ್ ಇಳಿಸುವ ಹಮಾಲರು ಎಲ್ಲರೂ ಅದರಲ್ಲಿರಬೇಕು. ಹೆಸರಿನ ಮುಂದೆ ಅವರ ಸಂಬಳ ಮತ್ತು ಇಎಸ್‌ಐ ಸಂಖ್ಯೆ ಬರಲಿ.

ಇಎಸ್‌ಐ ವ್ಯಾಪ್ತಿಯ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಅಂಗವಿಕಲ ನೌಕರರಿಗೆ 25,000. ವಂತಿಗೆಯಲ್ಲಿ ಮಾಲೀಕರ ಪಾಲು ಶೇ. 3.25, ನೌಕರರ ಪಾಲು ಶೇ. 0.75. ವ್ಯಾಪ್ತಿಯೊಳಗಿರುವವರಿಗೆ ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆಯೂ ಹಣವೂ ಇಎಸ್‌ಐ ನಿಗಮದಿಂದ ಸಿಗುತ್ತವೆ; ಅದೇ ಗಾಯಕ್ಕೆ ಮಾಲೀಕರಿಂದ ಬೇರೆ ಪರಿಹಾರ ಕೇಳುವ ಅವಕಾಶ ಇರುವುದಿಲ್ಲ. ಉದ್ಯೋಗದ ಗಾಯಕ್ಕೆ ಇಂತಿಷ್ಟು ದಿನ ವಂತಿಗೆ ಕಟ್ಟಿರಬೇಕೆಂಬ ಷರತ್ತೂ ಇಲ್ಲ, ಕೆಲಸಕ್ಕೆ ಸೇರಿದ ಮೊದಲ ದಿನವೇ ರಕ್ಷಣೆ ಉಂಟು. ಆದ್ದರಿಂದ “ಒಂದು ತಿಂಗಳು ನಿಲ್ಲುತ್ತಾನೋ ನೋಡಿ ಆಮೇಲೆ ಹೆಸರು ಸೇರಿಸೋಣ” ಎಂಬ ರೂಢಿಯನ್ನು ಈ ದಿನವೇ ಕೈಬಿಡಬೇಕು. ವಂತಿಗೆ ಕಟ್ಟದ ಕಾರಣಕ್ಕೆ ಕಾರ್ಮಿಕರ ಸೌಲಭ್ಯಕ್ಕೆ ಕುಂದು ಬಂದರೆ, ನಿಗಮವು ಅವರಿಗೆ ಕೊಟ್ಟದ್ದನ್ನು ಮಾಲೀಕರಿಂದ ವಸೂಲು ಮಾಡಬಹುದು.

ಹೆಚ್ಚಿನವರು ಎಡವುವ ಜಾಗ ಇದಲ್ಲ. ತಗಡನ್ನು ಒತ್ತಿ ಆಕಾರ ಕೊಡುವ ಪ್ರೆಸ್ ಯಂತ್ರಕ್ಕೆ ಡೈ (ಅಚ್ಚು) ಕಟ್ಟುವ ಸೆಟ್ಟರ್, ಹಳೆಯ ಟರ್ನರ್, ನಿರ್ವಹಣೆಯ ಎಲೆಕ್ಟ್ರಿಷಿಯನ್ ಇವರೆಲ್ಲ ಅನುಭವಿಗಳು. ಹಾಗಾಗಿ ಅವರ ಸಂಬಳ 21,000ವನ್ನು ದಾಟಿರುತ್ತದೆ. ಯಂತ್ರದ ಬಾಯೊಳಗೆ ಕೈ ಹಾಕುವವರೂ ಅವರೇ. ಎಲ್ಲಿ ಅಪಾಯ ಹೆಚ್ಚೋ ಅಲ್ಲಿ ಇಎಸ್‌ಐ ಇಲ್ಲ ಎಂಬ ಈ ಸ್ಥಿತಿಯನ್ನು ನಾನು ನೋಡಿದ ಬಹುಪಾಲು ಘಟಕಗಳಲ್ಲಿ ಯಾರೂ ಕಾಗದದ ಮೇಲೆ ಬರೆದು ನೋಡಿರಲಿಲ್ಲ. ಅವಧಿಯ ನಡುವೆ ಸಂಬಳ ಏರಿಸಿದ ಕೂಡಲೇ ಒಬ್ಬರು ಇಎಸ್‌ಐನಿಂದ ಹೊರಗೆ ಹೋಗುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂಬ ವಂತಿಗೆ ಅವಧಿಯ ನಡುವೆ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೆ ಅವರು ಒಳಗೇ ಇರುತ್ತಾರೆ. ಓವರ್‌ಟೈಮ್ ಹಣವನ್ನು ಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಧಿ ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟು, ಮರುದಿನದಿಂದಲೇ ಆ ನೌಕರರನ್ನು ನೌಕರರ ಪರಿಹಾರದ ವಿಮೆಗೆ ಸೇರಿಸುವುದು ಸರಿಯಾದ ಕ್ರಮ.

ಗುತ್ತಿಗೆದಾರರ ಆಳುಗಳ ಹೊಣೆ ಗುತ್ತಿಗೆದಾರರದ್ದು ಎಂದು ನಂಬಿಕೊಂಡು ಕೂರಬೇಡಿ. ಕಾನೂನು ಮೊದಲು ಪ್ರಧಾನ ಮಾಲೀಕರನ್ನೇ, ಅಂದರೆ ಕೆಲಸ ಮಾಡಿಸಿಕೊಳ್ಳುವ ನಿಮ್ಮನ್ನೇ, ಹಿಡಿಯುತ್ತದೆ. ಕೊಟ್ಟ ಹಣವನ್ನು ಗುತ್ತಿಗೆದಾರರಿಂದ ಮರಳಿ ಪಡೆಯುವುದು ಆಮೇಲಿನ ಮಾತು. ಪ್ರತಿ ತಿಂಗಳು ಅವರ ಬಿಲ್ಲಿನ ಜೊತೆಗೆ ಹೆಸರು ಹೆಸರಾಗಿ ವಂತಿಗೆ ಕಟ್ಟಿದ ಪಟ್ಟಿ ಬರದಿದ್ದರೆ ಬಿಲ್ಲನ್ನು ತಡೆಹಿಡಿಯಿರಿ.

ಹಂತ 2: ಒಂದು ಹೆಬ್ಬೆರಳಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ

ಇಎಸ್‌ಐ ಹೊರಗಿರುವವರಿಗೆ ಗಾಯವಾದರೆ ನೌಕರರ ಪರಿಹಾರದ ಕಾನೂನಿನಂತೆ ಮಾಲೀಕರೇ ಹಣ ಕೊಡಬೇಕು. ಅಂಥ ಒಬ್ಬ ಸೆಟ್ಟರ್‌ನನ್ನು ತೆಗೆದುಕೊಳ್ಳಿ. ವಯಸ್ಸು 30, ಸಂಬಳ 26,000. 2020ರ ಜನವರಿ 3ರಿಂದ ಪರಿಹಾರದ ಲೆಕ್ಕಕ್ಕೆ ಹಿಡಿಯುವ ಸಂಬಳದ ಗರಿಷ್ಠ ಮಿತಿ 15,000 ರೂಪಾಯಿ. ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಅದರ ಶೇ. 60, ಅಂದರೆ 9,000. ಇದನ್ನು 30ರ ವಯಸ್ಸಿಗೆ ನಿಗದಿಯಾದ 207.98 ಎಂಬ ಗುಣಾಂಕದಿಂದ ಗುಣಿಸಿದರೆ 18,71,820 ರೂಪಾಯಿ ಬರುತ್ತದೆ. ಹೆಬ್ಬೆರಳು ಪೂರ್ತಿ ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30 ನಷ್ಟವೆಂದು ಆ ಕಾನೂನಿನ ಅನುಸೂಚಿ ಹೇಳುತ್ತದೆ. ಆಗ ಕೊಡಬೇಕಾದದ್ದು 5,61,546 ರೂಪಾಯಿ. ತೋರುಬೆರಳು ಪೂರ್ತಿ ಹೋದರೆ ಶೇ. 14. ಸಾವು ಸಂಭವಿಸಿದರೆ ಶೇ. 50ರ ಲೆಕ್ಕದಲ್ಲಿ 15,59,850 ರೂಪಾಯಿ. ಇದರ ಮೇಲೆ ಚಿಕಿತ್ಸೆಯ ನಿಜವಾದ ಖರ್ಚು ಪ್ರತ್ಯೇಕ.

2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆಯು 1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ ಬಂದಿದ್ದರೂ ಈ ಲೆಕ್ಕದ ಕ್ರಮ ಹಾಗೇ ಮುಂದುವರಿದಿದೆ. ಹಣ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ ಸೇರುತ್ತದೆ; ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಮೂಲ ಮೊತ್ತದ ಅರ್ಧದವರೆಗೂ ದಂಡ ಬೀಳಬಹುದು. ಹೊರೆ ಮಿತಿಮೀರುವುದು ಬಹುತೇಕ ಈ ತಡದಿಂದಲೇ.

ವಿಮಾ ಪಾಲಿಸಿಯನ್ನು ಈಗ ಬಿಚ್ಚಿ ಮೂರು ವಿಷಯ ಹುಡುಕಿ: ಘೋಷಿಸಿರುವ ಒಟ್ಟು ಸಂಬಳ ನಿಜವಾಗಿ ಕೊಡುವ ಸಂಬಳಕ್ಕೆ ಹೊಂದುತ್ತದೆಯೇ, ಗುತ್ತಿಗೆ ಕಾರ್ಮಿಕರು ಸೇರಿದ್ದಾರೆಯೇ, ಚಿಕಿತ್ಸೆಯ ಖರ್ಚಿಗೆ ಎಷ್ಟು ಮಿತಿ ಇದೆ. ಪ್ರೀಮಿಯಂ ಉಳಿಸಲೆಂದು ಸಂಬಳವನ್ನು ಕಡಿಮೆ ತೋರಿಸಿದವರಿಗೆ ಕ್ಲೇಮಿನ ಹೊತ್ತಿನಲ್ಲಿ ಅದೇ ಅನುಪಾತದಲ್ಲಿ ಕಡಿತ ಬೀಳುತ್ತದೆ. ಪ್ರೆಸ್ ಕೆಲಸದವರನ್ನು ಕಚೇರಿ ಸಿಬ್ಬಂದಿಯೆಂದು ತೋರಿಸಿದ್ದರೆ ಕ್ಲೇಮೇ ತಿರಸ್ಕಾರವಾಗುವ ಸಂಭವವಿದೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಗಾಯಗಳು ಕಡಿಮೆಯಾದವೆಂದು ಇಎಸ್‌ಐ ವಂತಿಗೆಯ ದರ ಇಳಿಯುವುದಿಲ್ಲ. ಉಳಿತಾಯ ಕಾಣುವುದು ಬೇರೆ ಕಡೆ: ನಿಂತ ಯಂತ್ರ, ತಪ್ಪಿದ ಡೆಲಿವರಿ, ಹೊಸ ಆಪರೇಟರ್‌ನಿಂದಾಗುವ ರಿಜೆಕ್ಷನ್, ವಿಮೆಯ ನವೀಕರಣದ ದರ.

ಹಂತ 3: ಹಿಂದಿನ ಗಾಯಗಳನ್ನು ಕೆದಕಿ ತೆಗೆಯಿರಿ

ಇಎಸ್‌ಐ ನಿಯಮದ ಪ್ರಕಾರ ಇಡಬೇಕಾದ ಅಪಘಾತ ಪುಸ್ತಕ, ಅಂದರೆ 11ನೇ ನಮೂನೆ, ಹೆಚ್ಚಿನ ಕಡೆ ಖಾಲಿ ಇರುತ್ತದೆ. ಖಾಲಿ ಪುಸ್ತಕ ಒಳ್ಳೆಯ ಸೂಚನೆಯಲ್ಲ. ಮೊದಲ ನೆರವಿನ ಪೆಟ್ಟಿಗೆಗೆ ಎಷ್ಟು ಸಲ ಬ್ಯಾಂಡೇಜು ತುಂಬಿಸಿದ್ದೀರಿ, ಪೆಟ್ಟಿ ಕ್ಯಾಶ್‌ನಲ್ಲಿ “ಆಟೋ, ಕ್ಲಿನಿಕ್” ಎಂದು ಎಷ್ಟು ಚೀಟಿಗಳಿವೆ, ಹಾಜರಿಯಲ್ಲಿ ಮಧ್ಯಾಹ್ನದ ಮೇಲೆ ರಜೆ ಬಿದ್ದ ದಿನಗಳು ಯಾವುವು ಎಂದು ನೋಡಿದರೆ ನಿಜವಾದ ಪಟ್ಟಿ ತಾನಾಗಿಯೇ ಹೊರಬರುತ್ತದೆ.

ಪ್ರತಿ ಗಾಯಕ್ಕೂ ಯಂತ್ರ, ಹೊತ್ತು, ಶಿಫ್ಟು, ಮಾಡುತ್ತಿದ್ದ ಕೆಲಸ, ಆ ಯಂತ್ರದ ಮೇಲೆ ಅವರ ಅನುಭವ ಎಷ್ಟು ದಿನದ್ದು ಎಂಬುದನ್ನು ಬರೆಯಿರಿ. “ಅಜಾಗರೂಕತೆ” ಎಂಬ ಪದವನ್ನು ಕಾರಣದ ಕಾಲಮಿನಲ್ಲಿ ಬರೆಯಲು ಯಾರಿಗೂ ಬಿಡಬೇಡಿ. ಅದನ್ನು ಬರೆದ ಮೇಲೆ ಮುಂದಿನ ಪ್ರಶ್ನೆ ಕೇಳುವವರು ಇರುವುದಿಲ್ಲ.

ಎರಡನೆಯ ನೋಟ್‌ಪುಸ್ತಕವನ್ನು ಕೂದಲೆಳೆಯಲ್ಲಿ ತಪ್ಪಿದ ಘಟನೆಗಳಿಗೆ ಮೀಸಲಿಡಿ. ಸರಪಳಿ ಜಾರಿ ಕೆಳಗೆ ಬಿದ್ದದ್ದು, ಪ್ರೆಸ್ ತಾನಾಗಿ ಎರಡನೆಯ ಹೊಡೆತ ಕೊಟ್ಟದ್ದು ಇಲ್ಲಿಗೆ ಬರಬೇಕು. ಹೇಳಿದವರ ಹೆಸರು ಬೇಕಿಲ್ಲ. ಮೊದಲ ಬಾರಿ ಬರೆದವರನ್ನು ಬೈದರೆ ಪುಸ್ತಕ ಅಂದಿಗೇ ಮುಗಿಯಿತು.

ಹಂತ 4: ಯಂತ್ರವನ್ನು ಸರಿಪಡಿಸಿ, ಮನುಷ್ಯರನ್ನು ಆಮೇಲೆ

ಪ್ರೆಸ್‌ನಿಂದ ಆರಂಭಿಸಿ. ಪೀಣ್ಯ ಎರಡನೇ ಹಂತದ ಒಂದು ಘಟಕದಲ್ಲಿ ನಲವತ್ತು ಟನ್ನಿನ ಪ್ರೆಸ್ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ. ಎರಡೂ ಕೈಗಳಿಂದ ಒತ್ತಬೇಕಾದ ಎರಡು ಹಸಿರು ಗುಂಡಿಗಳಿದ್ದವು. ಎಡಗಡೆಯ ಗುಂಡಿಯ ಸಂದಿಗೆ ಮುರಿದ ಬೆಂಕಿಕಡ್ಡಿ ಸಿಕ್ಕಿಸಿ, ಅದರ ಮೇಲೆ ಸೈಕಲ್ ಟ್ಯೂಬಿನ ಉಂಗುರ ಏರಿಸಲಾಗಿತ್ತು. ಆಪರೇಟರ್ ಬಲಗೈಯಲ್ಲಿ ಒತ್ತುತ್ತ, ಎಡಗೈಯಲ್ಲಿ ತಗಡು ಸರಿಸುತ್ತಿದ್ದ. ಗುಂಡಿಯ ಸುತ್ತಲಿನ ಬಣ್ಣ ಸವೆದು ಹೊಳೆಯುತ್ತಿದ್ದುದನ್ನು ನೋಡಿದರೆ ಅದು ಒಂದು ದಿನದ ಏರ್ಪಾಟಲ್ಲವೆಂದು ತಿಳಿಯುತ್ತಿತ್ತು. ಗಂಟೆಗೆ ಇಷ್ಟು ಪೀಸು ಎಂಬ ಗುರಿಯ ಹಲಗೆ ಅವನ ತಲೆಯ ಮೇಲೆಯೇ ತೂಗುತ್ತಿತ್ತು. ಅವನನ್ನು ಬೈಯುವ ಮೊದಲು ಆ ಹಲಗೆಯ ಅಂಕಿಯನ್ನು ಎರಡು ಕೈಗಳಿಂದ ಒತ್ತಿ ಮುಟ್ಟಲು ಸಾಧ್ಯವೇ ಎಂದು ಗಡಿಯಾರ ಹಿಡಿದು ನೋಡಬೇಕಿತ್ತು. ನೋಡಿದೆವು, ಸಾಧ್ಯವಿರಲಿಲ್ಲ. ನಿಮ್ಮ ಘಟಕದಲ್ಲಿಯೂ ಇದೇ ಪರೀಕ್ಷೆಯನ್ನು ಮಾಡಿ, ಅಂಕಿಯನ್ನು ತಿದ್ದಿದ ಮೇಲೆಯೇ ನಿಯಮವನ್ನು ಬಿಗಿಗೊಳಿಸಿ.

ಪ್ರೆಸ್‌ನ ಕ್ಲಚ್ ಯಾವ ಬಗೆಯದೆಂದು ತಿಳಿಯದೆ ಸುರಕ್ಷಾ ಸಾಧನ ಕೊಳ್ಳಬೇಡಿ. ಪಿನ್ ಕ್ಲಚ್ ಇರುವ ಹಳೆಯ ಪ್ರೆಸ್ ಒಮ್ಮೆ ಹಿಡಿದರೆ ಪೂರ್ತಿ ಒಂದು ಸುತ್ತು ಮುಗಿಸಿಯೇ ನಿಲ್ಲುತ್ತದೆ, ನಡುದಾರಿಯಲ್ಲಿ ನಿಲ್ಲಿಸಲು ಬರುವುದಿಲ್ಲ. ಇಂಥ ಪ್ರೆಸ್‌ಗೆ ಬೆಳಕಿನ ಪರದೆ, ಅಂದರೆ ಲೈಟ್ ಕರ್ಟನ್, ಹಾಕಿಸುವುದು ನೀರಿನಲ್ಲಿ ಹೋಮ ಮಾಡಿದಂತೆ. ಕೈ ಅಡ್ಡ ಬಂದದ್ದು ಸೆನ್ಸರ್‌ಗೆ ತಿಳಿದರೂ ರ‍್ಯಾಮ್ (ಮೇಲಿನಿಂದ ಹೊಡೆಯುವ ಭಾಗ) ಇಳಿಯುವುದು ತಪ್ಪುವುದಿಲ್ಲ. ಅದಕ್ಕೆ ಬೇಕಾದದ್ದು ಬೆರಳು ತೂರದಂಥ ಸ್ಥಿರ ಗಾರ್ಡು, ತಗಡು ಮಾತ್ರ ಜಾರುವಷ್ಟು ಸಂದಿ, ತುಂಡು ಎತ್ತಲು ಇಕ್ಕಳ ಅಥವಾ ಅಯಸ್ಕಾಂತದ ಕೋಲು, ಪೆಡಲಿನ ಮೇಲೆ ಏನೂ ಬೀಳದಂತೆ ತಗಡಿನ ಮುಚ್ಚಳ. ಗಾಳಿಯ ಒತ್ತಡದ ಫ್ರಿಕ್ಷನ್ ಕ್ಲಚ್ ಇರುವ ಪ್ರೆಸ್‌ಗೆ ಮಾತ್ರ ಬೆಳಕಿನ ಪರದೆ ಸರಿ. ಅಲ್ಲಿಯೂ ದೂರ ಮುಖ್ಯ: ಕೈ ಸೆಕೆಂಡಿಗೆ ಸುಮಾರು 1.6 ಮೀಟರ್ ವೇಗದಲ್ಲಿ ಚಲಿಸುತ್ತದೆಂದು ಹಿಡಿದರೆ, ನಿಲ್ಲಲು 0.2 ಸೆಕೆಂಡು ಬೇಕಾದ ಪ್ರೆಸ್‌ನಲ್ಲಿ ಪರದೆ ಡೈಗಿಂತ 320 ಮಿಲಿಮೀಟರ್‌ಗೂ ಹೆಚ್ಚು ಮುಂದಿರಬೇಕು. ಬ್ರೇಕ್ ಸವೆದಂತೆ ಈ ಲೆಕ್ಕ ಕೆಡುತ್ತದೆ.

ಡೈ ಬದಲಿಸುವಾಗ ಮೋಟಾರ್ ಆಫ್ ಮಾಡಿದರೆ ಸಾಲದು. ಫ್ಲೈವ್ಹೀಲ್, ಅಂದರೆ ಪ್ರೆಸ್‌ನ ಭಾರವಾದ ಚಕ್ರ, ತಿರುಗುತ್ತಲೇ ಇರುತ್ತದೆ, ಅದರಲ್ಲಿ ಒಂದು ಹೊಡೆತಕ್ಕೆ ಬೇಕಾದಷ್ಟು ಶಕ್ತಿ ಉಳಿದಿರುತ್ತದೆ. ಸ್ವಿಚ್ ಇಳಿಸಿ, ಬೀಗ ಹಾಕಿ, ಕೀಲಿಯನ್ನು ಡೈ ಕಟ್ಟುವವರೇ ಜೇಬಿನಲ್ಲಿಟ್ಟುಕೊಂಡು, ಫ್ಲೈವ್ಹೀಲ್ ಪೂರ್ತಿ ನಿಲ್ಲುವವರೆಗೆ ಕಾದು, ರ‍್ಯಾಮ್ ಕೆಳಗೆ ಗಟ್ಟಿ ಸೇಫ್ಟಿ ಬ್ಲಾಕ್ ಇಟ್ಟ ಮೇಲೆಯೇ ಕೈ ಒಳಗೆ ಹೋಗಬೇಕು. ಆರು ಬೀಗಗಳು ಬೇಕೆಂದದ್ದು ಇದಕ್ಕಾಗಿ. ಒಂದೇ ಕೀಲಿ ಎಲ್ಲ ಬೀಗಕ್ಕೂ ಹೊಂದಿದರೆ ಬೀಗ ಇಲ್ಲದಂತೆಯೇ ಸರಿ.

ಉಳಿದ ಯಂತ್ರಗಳನ್ನು ಬೇಗ ಮುಗಿಸಬಹುದು. ಬೆಂಚ್ ಗ್ರೈಂಡರ್‌ನಲ್ಲಿ ಕಲ್ಲಿಗೂ ತುಂಡನ್ನು ಒರಗಿಸುವ ಟೂಲ್ ರೆಸ್ಟ್‌ಗೂ ನಡುವಿನ ಸಂದಿ 3 ಮಿಲಿಮೀಟರ್ ಮೀರಬಾರದು. ಹೊಸ ಕಲ್ಲನ್ನು ಹಾಕುವ ಮೊದಲು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ, ಒಡೆದ ಮಡಕೆಯ ಸದ್ದು ಬಂದರೆ ಬಿಸಾಡಿ. ಡ್ರಿಲ್ ಮತ್ತು ಲೇತ್ ಮುಂದೆ ಬಟ್ಟೆಯ ಕೈಗವಸು ಬೇಡ. ಅದು ಸುತ್ತಿಕೊಂಡು ಕೈಯನ್ನೇ ಎಳೆಯುತ್ತದೆ. ಕೈಗವಸು ಹಂಚುವುದನ್ನೇ ಸುರಕ್ಷತೆ ಎಂದುಕೊಂಡವರು ಈ ಸಾಲನ್ನು ಎರಡು ಸಲ ಓದಬೇಕು. ಕೈಯಲ್ಲಿ ಹಿಡಿಯುವ ವಿದ್ಯುತ್ ಉಪಕರಣಗಳ ಸಾಲಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇರಲಿ, ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಚಾವಣಿಯ ಬಗ್ಗೆ ಮಾತ್ರ ಆತುರ ಬೇಡ. ಮೇ ತಿಂಗಳ ಕೊನೆಗೆ, ಮಳೆಗೆ ಮುಂಚೆ, ಸೋರುವ ಸಿಮೆಂಟ್ ಶೀಟು ಬದಲಿಸಲು ಯಾರನ್ನೋ ಕರೆಸುತ್ತೀರಿ. ಆ ಶೀಟು ಮನುಷ್ಯರ ಭಾರ ತಾಳುವುದಿಲ್ಲ, ಹಳೆಯ ಶೀಟಂತೂ ಖಂಡಿತ ತಾಳುವುದಿಲ್ಲ. ಶೀಟಿನ ಮೇಲೆ ಹಾಸಲು ಹಲಗೆ, ಟ್ರಸ್‌ಗೆ ಕಟ್ಟಿದ ಹಗ್ಗ ಮತ್ತು ಪೂರ್ಣ ದೇಹದ ಹಾರ್ನೆಸ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ. ದಿನಗೂಲಿಗೆ ಬಂದ ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲವಾದ್ದರಿಂದ ಮೊದಲ ಹಂತದ ಹಾಳೆಯಲ್ಲಿ ಅವರಿಗೂ ಸಾಲು ಬೇಕೆಂದದ್ದು.

ಹಂತ 5: ಹೊಸಬರ ಮೊದಲ ವಾರ

ಬಳ್ಳಾರಿ, ರಾಯಚೂರು ಕಡೆಯವರ ಜೊತೆಗೆ ಒಡಿಶಾ, ಬಿಹಾರದ ಹುಡುಗರೂ ಒಂದೇ ಸಾಲಿನಲ್ಲಿ ನಿಲ್ಲುವ ಊರಿದು. ಕನ್ನಡ ಇಂಗ್ಲಿಷ್ ಫಲಕ ಓದಲು ಬಾರದವರಿಗೆ ಸಹಿ ಹಾಕಿಸಿಕೊಂಡ ಸೂಚನಾ ಪತ್ರದಿಂದ ಪ್ರಯೋಜನವಿಲ್ಲ. ಅದೇ ಯಂತ್ರದ ಮುಂದೆ, ಅವರ ಭಾಷೆ ಬಲ್ಲ ಹಳಬರೊಬ್ಬರು ಮಾಡಿ ತೋರಿಸಲಿ. ಹೊಸಬರು ಅದನ್ನು ತಿರುಗಿ ಮಾಡಿ ತೋರಿಸಲಿ. ಯಂತ್ರವನ್ನು ನಿಲ್ಲಿಸುವುದನ್ನು ಮೊದಲು ಕಲಿಸಿ, ನಡೆಸುವುದನ್ನು ನಂತರ. ಮೊದಲ ವಾರ ರಾತ್ರಿ ಶಿಫ್ಟೂ ಬೇಡ, ಪೀಸ್ ಲೆಕ್ಕವೂ ಬೇಡ.

ಹಂತ 6: ಗಾಯವಾದ ಮೇಲಿನ 24 ಗಂಟೆ

ತಪ್ಪುಗಳು ಸಾಲುಗಟ್ಟಿ ಬರುವುದು ಇಲ್ಲಿ. ಆದ್ದರಿಂದ ಕ್ರಮವನ್ನು ಬರೆದು ಸೂಪರ್‌ವೈಸರ್ ಮೇಜಿನ ಗಾಜಿನ ಕೆಳಗೆ ಇಡಿ.

ಮೊದಲು ಯಂತ್ರ ನಿಲ್ಲಲಿ, ರಕ್ತ ನಿಲ್ಲಲಿ. ಶುದ್ಧ ಬಟ್ಟೆಯಿಂದ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಕೈಯನ್ನು ಮೇಲೆತ್ತಿ ಹಿಡಿಯಬೇಕು. ಅರಿಶಿನ, ಕಾಫಿ ಪುಡಿ, ಗ್ರೀಸ್ ಯಾವುದನ್ನೂ ಹಾಕಬಾರದು. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಗಾಜ್ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಬೆರೆತ ನೀರಿನ ಡಬ್ಬಿಯಲ್ಲಿಡಿ. ಬೆರಳನ್ನು ನೇರವಾಗಿ ಐಸ್ ಮೇಲೆ ಇಟ್ಟರೆ ಅಂಗಾಂಶ ಸತ್ತು ಜೋಡಿಸಲು ಬರುವುದಿಲ್ಲ.

ಎರಡನೆಯದು ಆಸ್ಪತ್ರೆ. ಎಲ್ಲಿಗೆ ಒಯ್ಯಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು. ಪೀಣ್ಯ, ರಾಜಾಜಿನಗರ, ಇಂದಿರಾನಗರಗಳಲ್ಲಿ ಇಎಸ್‌ಐ ಆಸ್ಪತ್ರೆಗಳಿವೆ. ಮೂಳೆ ಮತ್ತು ಅಪಘಾತದ ಗಾಯಗಳಿಗೆ ಜಯನಗರದ ಸಂಜಯ್ ಗಾಂಧಿ ಸಂಸ್ಥೆ ಇದೆ. ಬೆರಳು ಮರುಜೋಡಣೆ ಮಾಡುವ ಶಸ್ತ್ರವೈದ್ಯರು ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿದ್ದಾರೆಂದು ಇವತ್ತೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಸಂಜೆ ಆರು ಗಂಟೆಯ ತುಮಕೂರು ರಸ್ತೆಯಲ್ಲಿ ಎರಡನೆಯ ಆಸ್ಪತ್ರೆ ಹುಡುಕುವಷ್ಟು ಹೊತ್ತು ಇರುವುದಿಲ್ಲ. ಎಲ್ಲರ ಇಎಸ್‌ಐ ಗುರುತಿನ ಚೀಟಿಯಾದ ಇ-ಪೆಹಚಾನ್ ಕಾರ್ಡಿನ ಪ್ರತಿಗಳು ಗೇಟಿನ ಬಳಿ ಒಂದು ಫೈಲಿನಲ್ಲಿರಲಿ.

ಮೂರನೆಯದು ಸತ್ಯ. ಆಸ್ಪತ್ರೆಯಲ್ಲಿ “ಮನೆಯಲ್ಲಿ ಜಾರಿ ಬಿದ್ದ” ಎಂದು ಹೇಳಿಸುವ ಕೆಟ್ಟ ಚಾಳಿ ನಮ್ಮಲ್ಲಿದೆ. ಮೊದಲ ಕೇಸ್ ಶೀಟಿನಲ್ಲಿ ಬರೆದದ್ದು ಕೊನೆಯವರೆಗೂ ಬೆನ್ನು ಹತ್ತುತ್ತದೆ: ಇಎಸ್‌ಐ ಅದನ್ನು ಉದ್ಯೋಗದ ಗಾಯವೆಂದು ಒಪ್ಪಲು ತಕರಾರು ಮಾಡುತ್ತದೆ, ವಿಮಾ ಕಂಪನಿ ಅದೇ ಹಾಳೆಯನ್ನು ತೋರಿಸಿ ಕೈ ತೊಳೆದುಕೊಳ್ಳುತ್ತದೆ, ಕಾರ್ಮಿಕರು ವಕೀಲರ ಬಳಿ ಹೋದಾಗ ಸುಳ್ಳು ಹೇಳಿಸಿದವರು ಮಾಲೀಕರೇ ಎಂದು ಸಾಬೀತಾಗುತ್ತದೆ.

ನಾಲ್ಕನೆಯದು ಕಾಗದ. ಅಪಘಾತ ಪುಸ್ತಕದಲ್ಲಿ ಅದೇ ದಿನ ನಮೂದಾಗಬೇಕು. ಇಎಸ್‌ಐಗೆ 12ನೇ ನಮೂನೆಯ ವರದಿಯನ್ನು ಒಂದು ದಿನವೂ ತಡಮಾಡದೆ, ಸಾವಾಗಿದ್ದರೆ ತಕ್ಷಣವೇ, ಸಲ್ಲಿಸಬೇಕು. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೂ ತಿಳಿಸಬೇಕು. 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸಕ್ಕೆ ಬಾರದಂಥ ಗಾಯಗಳೆಲ್ಲ ಅದರ ಲೆಕ್ಕಕ್ಕೆ ಬರುತ್ತವೆ. ವಿಮಾ ಕಂಪನಿಗೆ ಮಿಂಚಂಚೆ ಅಂದೇ ಹೋಗಲಿ. ಮನೆಗೂ ಕಾರ್ಖಾನೆಗೂ ನಡುವಿನ ದಾರಿಯಲ್ಲಿ ಕೆಲಸಕ್ಕೆ ಸಂಬಂಧಿಸಿ ಆದ ಅಪಘಾತಕ್ಕೂ ಇಎಸ್‌ಐ ರಕ್ಷಣೆ ಇದೆಯಾದ್ದರಿಂದ ರಾತ್ರಿ ಪಾಳಿ ಮುಗಿಸಿ ಹೋಗುವಾಗ ಬೈಕಿನಿಂದ ಬಿದ್ದವರ ವರದಿಯನ್ನೂ ಸಲ್ಲಿಸಿ.

ಯಂತ್ರವನ್ನು ತೊಳೆದು ಮತ್ತೆ ನಡೆಸುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಐವತ್ತು ಸಾವಿರ ಕೊಟ್ಟು ಸಾದಾ ಕಾಗದದ ಮೇಲೆ “ಇನ್ನು ಏನೂ ಕೇಳುವುದಿಲ್ಲ” ಎಂದು ಬರೆಸಿಕೊಳ್ಳುವ ರಾಜಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹಕ್ಕನ್ನು ಬಿಟ್ಟುಕೊಡುವ ಒಪ್ಪಂದವೇ ಅಸಿಂಧು. ಕೊಟ್ಟ ಹಣವೂ ಹೋಗಿ, ಪೂರ್ತಿ ಪರಿಹಾರವನ್ನು ಬಡ್ಡಿ ಸಹಿತ ಕಟ್ಟಿದವರನ್ನು ಕಂಡಿದ್ದೇನೆ. “ತಪ್ಪು ಅವನದೇ” ಎಂಬ ವಾದವೂ ಹೆಚ್ಚು ದೂರ ನಡೆಯುವುದಿಲ್ಲ, ಏಕೆಂದರೆ ಸಾಮಾನ್ಯ ಎಚ್ಚರಗೇಡಿತನ ಪರಿಹಾರವನ್ನು ತಪ್ಪಿಸುವುದಿಲ್ಲ. ಕುಡಿದು ಬಂದದ್ದು, ಬೇಕೆಂದೇ ಗಾರ್ಡು ಕಿತ್ತದ್ದು ಮುಂತಾದ ಕೆಲವೇ ವಿನಾಯಿತಿಗಳಿವೆ. ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆದಾಗ ಅವೂ ನಿಲ್ಲುವುದಿಲ್ಲ.

ಹಂತ 7: ಮರಳಿ ಕೆಲಸಕ್ಕೆ ಕರೆತರುವುದು

ತಾತ್ಕಾಲಿಕ ಅಂಗವೈಕಲ್ಯದ ಅವಧಿಯಲ್ಲಿ ಇಎಸ್‌ಐ ಸರಾಸರಿ ಸಂಬಳದ ಶೇ. 90ರಷ್ಟನ್ನು ಕೊಡುತ್ತದೆ, ಅಪಘಾತದ ದಿನವನ್ನು ಬಿಟ್ಟು ಕನಿಷ್ಠ ಮೂರು ದಿನ ಕೆಲಸ ಮಾಡಲಾಗದಂತಿರಬೇಕು. ಈ ಹಣ ಪಡೆಯುತ್ತಿರುವವರನ್ನು “ಸುಮ್ಮನೆ ಕೂತು ಎಣಿಸು ಸಾಕು” ಎಂದು ಕರೆಸಿಕೊಳ್ಳಬೇಡಿ. ಸಂಬಳ ಪಡೆದು ಕೆಲಸ ಮಾಡಿದ ದಿನಕ್ಕೆ ಸೌಲಭ್ಯ ಸಲ್ಲುವುದಿಲ್ಲ, ಇಬ್ಬರೂ ತೊಂದರೆಗೆ ಸಿಲುಕುತ್ತೀರಿ. ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತೆಯೂ ಇಲ್ಲ.

ವೈದ್ಯರ ಫಿಟ್‌ನೆಸ್ ಪತ್ರ ಬಂದ ಮೇಲೆ ಹಗುರ ಕೆಲಸ ಕೊಡಬಹುದು: ಗೇಜಿಂಗ್, ಪ್ಯಾಕಿಂಗ್, ಸ್ಟೋರ್ಸ್. ಯಾವ ಗಾಯಕ್ಕೆ ಯಾವ ಕೆಲಸ ಎಂಬುದನ್ನು ಮೊದಲೇ ಬರೆದಿಟ್ಟಿದ್ದರೆ ಬಂದವರು ಮೂಲೆಯಲ್ಲಿ ಕೂರುವ ಅವಮಾನ ತಪ್ಪುತ್ತದೆ. ವಾರಕ್ಕೊಮ್ಮೆ ಮನೆಗೆ ಯಾರಾದರೂ ಹೋಗಿ ಬರಲಿ. ವಿಚಾರಿಸುವವರು ಇಲ್ಲದಾಗಲೇ ಮೊಕದ್ದಮೆಯ ಮಾತು ಹುಟ್ಟುತ್ತದೆ ಎಂಬುದು ನನ್ನ ಅನುಭವ.

ಹಂತ 8: ತಿಂಗಳಿಗೊಮ್ಮೆ ನೋಡಬೇಕಾದ ಅಪಾಯದ ಗುರುತುಗಳು

ಪ್ರತಿ ತಿಂಗಳ ಮೊದಲ ಶನಿವಾರ ಮಾಲೀಕರು ಖುದ್ದಾಗಿ, ಫೋನನ್ನು ಕಚೇರಿಯಲ್ಲಿ ಬಿಟ್ಟು, ಒಂದು ಗಂಟೆ ಶಾಪ್ ಫ್ಲೋರಿನಲ್ಲಿ ಸುತ್ತಬೇಕು. ಯಂತ್ರದ ಹಿಂದೆ ಒರಗಿಸಿಟ್ಟ ಗಾರ್ಡು, ಗುಂಡಿಯಲ್ಲಿ ಸಿಕ್ಕಿಸಿದ ಕಡ್ಡಿ, ಬೇರೆ ಬಣ್ಣದ ವೈರಿನಿಂದ ಬೈಪಾಸ್ ಮಾಡಿದ ಸೆನ್ಸರ್, ಖಾಲಿಯಾದ ಮೊದಲ ನೆರವಿನ ಪೆಟ್ಟಿಗೆ, ಪಟ್ಟಿಯಲ್ಲಿಲ್ಲದ ಹೊಸ ಮುಖ, ಎರಡು ಪಾಳಿ ಬೆನ್ನು ಬೆನ್ನಿಗೆ ಮಾಡಿದವರ ಹೆಸರು ಕಂಡರೆ ಅಂದೇ ಬರೆದು ಅಂದೇ ಸರಿಪಡಿಸಬೇಕು. ತಿಂಗಳ ಕೊನೆಯ ವಾರ, ಡಿಸ್ಪ್ಯಾಚಿನ ಒತ್ತಡ ಇರುವಾಗ, ಹೇಳದೆ ಮತ್ತೊಮ್ಮೆ ಬನ್ನಿ. ಶನಿವಾರ ಜಾಗದಲ್ಲಿದ್ದ ಗಾರ್ಡು ಆಗಲೂ ಅಲ್ಲೇ ಇದೆಯೇ ನೋಡಿ.

ಕೂದಲೆಳೆಯ ಪುಸ್ತಕದಲ್ಲಿ ಎರಡು ತಿಂಗಳು ಏನೂ ಬರೆದಿಲ್ಲವೆಂದರೆ ಅದನ್ನು ಬರೆಯಲು ಯಾರು ಹೆದರುತ್ತಿದ್ದಾರೆಂದು ಕೇಳಿ. ಸೂಪರ್‌ವೈಸರ್ ಎದುರಿಗೆ ಕೇಳಬೇಡಿ. ಮಧ್ಯಾಹ್ನದ ಊಟದ ಹೊತ್ತಿಗೆ, ಅವರು ಡಬ್ಬಿ ಬಿಚ್ಚಿ ಕೂತಿರುವಾಗ, ಪಕ್ಕದಲ್ಲಿ ಕೂತು ಕೇಳಿ.